ಎರಡು ಚೀಟಿಯ ಹುಣಸೂರು ಕ್ಷೇತ್ರ

ರಾಜ್ಯಶಾಸ್ತ್ರದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಒಂದು ದಿನ ಪ್ರಜಾಪ್ರಭುತ್ವದ ಮೂಲ ನಿಯಮವೊಂದನ್ನು ವಿವರಿಸಿದರು: ಒಬ್ಬ ಮನುಷ್ಯನಿಗೆ ಒಂದು ಮತ, ಆ ಮತಕ್ಕೆ ಒಂದೇ ಬೆಲೆ. ಅಂದು ಸಂಜೆ ಮನೆಯಲ್ಲಿ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಕುಟ್ಟಿಕೊಳ್ಳುತ್ತಿದ್ದ ತಾತ ಕೈ ನಿಲ್ಲಿಸಿ ಹೇಳಿದರು: “ಅದೆಂಗಾದದವ್ವ? ನಾನು ಮೊದಲ್ನೇ ಸಲ ಓಟು ಹಾಕ್ದಾಗ ಎಲ್ಡೆಲ್ಡು ಚೀಟಿ ಕೊಟ್ಟಿದ್ರು ಕಣವ್ವ. ಬ್ಯಾರೆ ಬ್ಯಾರೆ ಪೆಟ್ಗೆಗೆ ಹಾಕಿ ಬಂದಿದ್ದೆ.”

ತಾತನಿಗೆ ಈಗ ತೊಂಬತ್ತರ ಹತ್ತಿರ. ವಯಸ್ಸಾದವರ ಮರೆವು ಎಂದು ನಾನು ನಕ್ಕು ಸುಮ್ಮನಾದೆ. ಮರುದಿನ ಈ ಮಾತನ್ನು ತಮಾಷೆಯಾಗಿ ಅಧ್ಯಾಪಕರಿಗೆ ಹೇಳಿದಾಗ ಅವರು ನಗಲಿಲ್ಲ. “ನಿಮ್ಮ ತಾತ ಹೇಳಿದ್ದೇ ಸರಿ. ಅದು 1957ರ ಚುನಾವಣೆ ಇರಬೇಕು. ಹುಣಸೂರು ಆಗ ದ್ವಿಸದಸ್ಯ ಕ್ಷೇತ್ರ. ಇದನ್ನೇ ನೀನು ವಾರ್ಷಿಕ ಸಂಚಿಕೆಗೆ ಬರೆದುಕೊಡು” ಎಂದರು. ಮೂರು ವರ್ಷ ರಾಜ್ಯಶಾಸ್ತ್ರ ಓದಿದ ಮೊಮ್ಮಗಳಿಗೆ ತಿಳಿಯದ ವಿಷಯ, ಶಾಲೆಯ ಮೆಟ್ಟಿಲು ಹತ್ತದ ತಾತನಿಗೆ ತಿಳಿದಿತ್ತು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ. ತಿಳಿದವರು ತಪ್ಪಿದ್ದಲ್ಲಿ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.

ಕ್ಷೇತ್ರವೆಂದರೆ ನಮ್ಮ ಆಡುಮಾತಿನಲ್ಲಿ ಪುಣ್ಯಸ್ಥಳ; ರೈತನಿಗೆ ಉಳುವ ಭೂಮಿ. ಚುನಾವಣೆಯ ಕ್ಷೇತ್ರ ಇವೆರಡೂ ಅಲ್ಲ. ಅದು ಕಾಗದದ ಮೇಲೆ ಎಳೆದ ಒಂದು ಗೆರೆ. ಆದರೆ ಆ ಗೆರೆಯೊಳಗೆ ಬಿದ್ದವರೆಲ್ಲರೂ ಒಟ್ಟಿಗೆ ಕೂಡಿ ತಮ್ಮ ಪ್ರತಿನಿಧಿಯನ್ನು ಆರಿಸಬೇಕು; ಆ ಪ್ರತಿನಿಧಿ ಅಷ್ಟು ಜನರ ಬಾಗಿಲಿಗೂ ಬಂದು ಕೈ ಮುಗಿಯಬೇಕು. ಗೆರೆ ಸರಿದರೆ ಯಾರ ಬಾಗಿಲಿಗೆ ಯಾರು ಬರಬೇಕೆಂಬುದೂ ಸರಿಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳು ಒಂದೇ ಬಗೆಯ ಸೀಮೆ. ಅದೇ ಹೊಗೆಸೊಪ್ಪು, ಅದೇ ರಾಗಿ, ಅದೇ ಸಂತೆ, ಅದೇ ನೆಂಟಸ್ತನ. ಆದರೆ ಚುನಾವಣೆಯ ಗೆರೆಗಳು ಇವುಗಳನ್ನು ಎಷ್ಟೋ ಬಗೆಯಲ್ಲಿ ಕತ್ತರಿಸಿ ಹೊಲಿದಿವೆ. ಆ ಕಥೆಯನ್ನು ಆದಿಯಿಂದ ನೋಡೋಣ.

ಮೈಸೂರು ಸಂಸ್ಥಾನದಲ್ಲಿ ಪ್ರಜೆಗಳ ಪ್ರತಿನಿಧಿಗಳನ್ನು ಕರೆದು ಕೂರಿಸುವ ಪದ್ಧತಿ 1881ರಲ್ಲಿ ಆರಂಭವಾಯಿತು. ಆ ವರ್ಷ ಮಾರ್ಚಿಯಲ್ಲಿ ರಾಜ್ಯಾಡಳಿತ ಬ್ರಿಟಿಷರಿಂದ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿ ಬಂದಿತು. ಆಗಸ್ಟ್ 25ರಂದು ಪ್ರಜಾಪ್ರತಿನಿಧಿ ಸಭೆಯ ಘೋಷಣೆಯಾಗಿ, ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ನೇತೃತ್ವದಲ್ಲಿ ಮೈಸೂರಿನಲ್ಲಿ ಅದರ ಮೊದಲ ಅಧಿವೇಶನ ನಡೆಯಿತು. ಬಂದಿದ್ದವರು 144 ಮಂದಿ. ಅವರು ಜನರಿಂದ ಆರಿಸಲ್ಪಟ್ಟವರಲ್ಲ, ಆಯ್ದು ಕರೆಸಿಕೊಂಡ ಜಮೀನುದಾರರು ಮತ್ತು ವರ್ತಕರು. ದಸರಾ ಕಾಲದಲ್ಲಿ ಸೇರುತ್ತಿದ್ದ ಈ ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಅಹವಾಲು ಹೇಳಿಕೊಳ್ಳಬಹುದಾಗಿತ್ತು, ಸರ್ಕಾರದ ಲೆಕ್ಕಪತ್ರದ ವಿವರಣೆಯನ್ನು ಕೇಳಬಹುದಾಗಿತ್ತು. ಆದರೂ ಭಾರತದ ದೇಶೀಯ ಸಂಸ್ಥಾನಗಳಲ್ಲಿ ಇಂಥದೊಂದು ಸಭೆ ಅದೇ ಮೊದಲೆಂಬುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ.

1891ರಲ್ಲಿ ಈ ಸಭೆಗೆ ಚುನಾವಣೆಯ ಪದ್ಧತಿ ಬಂದಿತು. ಮತದಾರನಾಗಲು ನಿಗದಿಯಾದ ಮೊತ್ತದ ಕಂದಾಯ ಕಟ್ಟುವವನಾಗಿರಬೇಕಿತ್ತು, ಇಲ್ಲವೇ ಇನಾಮು ಗ್ರಾಮದ ಒಡೆಯನಾಗಿರಬೇಕಿತ್ತು. ಇವೆರಡೂ ಇಲ್ಲದವನಿಗೆ ಇನ್ನೊಂದು ಬಾಗಿಲಿತ್ತು: ಆತ ವಿಶ್ವವಿದ್ಯಾನಿಲಯದ ಪದವೀಧರನಾಗಿದ್ದು ತಾಲ್ಲೂಕಿನಲ್ಲಿ ವಾಸವಾಗಿರಬೇಕು. ಈ ಕೊನೆಯ ನಿಯಮವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ನಮ್ಮದು ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪರಿಶಿಷ್ಟ ಜಾತಿಯವರ ಕೇರಿ. ತಾತನ ತಾತನಿಗೆ ಭೂಮಿಯಿರಲಿಲ್ಲ, ಆದ್ದರಿಂದ ಕಂದಾಯವಿರಲಿಲ್ಲ. ಅಕ್ಷರವಿರಲಿಲ್ಲ, ಆದ್ದರಿಂದ ಪದವಿಯ ಮಾತೇ ಇಲ್ಲ. ಆ ದಿನಗಳಲ್ಲಿ ಹೆಣ್ಣುಮಕ್ಕಳಿಗಂತೂ ಓಟಿನ ಕನಸೂ ಬೀಳುವಂತಿರಲಿಲ್ಲ. 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಹೆಂಗಸರಿಗಿದ್ದ ಅಡ್ಡಿಯೂ ನಿವಾರಣೆಯಾಯಿತು. ಆದರೆ ಆಸ್ತಿಪಾಸ್ತಿಯ ಅರ್ಹತೆ ಹೋಗಲಿಲ್ಲ. ಅಷ್ಟರಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆಯೆಂಬ ಇನ್ನೊಂದು ಸಭೆಯೂ ಹುಟ್ಟಿಕೊಂಡಿತ್ತು.

ನಮ್ಮ ಸೀಮೆಯ ಹೆಸರನ್ನು ಮುಂದೆ ನಾಡಿಗೆಲ್ಲ ತಿಳಿಸಿದ ಡಿ. ದೇವರಾಜ ಅರಸರು ರಾಜಕೀಯಕ್ಕೆ ಕಾಲಿಟ್ಟದ್ದು ಈ ಪ್ರಜಾಪ್ರತಿನಿಧಿ ಸಭೆಯ ಮೂಲಕ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಮನೆತನದ ಅವರು 1915ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಊರಿಗೆ ಮರಳಿ ಬೇಸಾಯ ಹಿಡಿದು, 1941ರಲ್ಲಿ ಸಭೆಗೆ ಆಯ್ಕೆಯಾದರು. 1947ರಲ್ಲಿ ಜವಾಬ್ದಾರಿ ಸರ್ಕಾರ ಬಂದು, 1949ರಲ್ಲಿ ಹಳೆಯ ಸಭೆಗಳು ವಿಸರ್ಜನೆಯಾದವು. ಅನಂತರ ಬಂದದ್ದೇ ಸಂವಿಧಾನ ಮತ್ತು ವಯಸ್ಕ ಮತದಾನ. ಇಪ್ಪತ್ತೊಂದು ವರ್ಷ ತುಂಬಿದವರಿಗೆಲ್ಲ ಓಟು. ಭೂಮಿ ಕೇಳುವಂತಿಲ್ಲ, ಅಕ್ಷರ ಕೇಳುವಂತಿಲ್ಲ, ಜಾತಿ ಕೇಳುವಂತಿಲ್ಲ. ಎಪ್ಪತ್ತು ವರ್ಷಗಳಲ್ಲಿ ತೆರೆಯದ ಬಾಗಿಲು ಒಂದೇ ದಿನದಲ್ಲಿ ತೆರೆಯಿತು.

ಬಾಗಿಲೇನೋ ತೆರೆಯಿತು, ಒಳಗೆ ಕುರ್ಚಿ ಸಿಕ್ಕೀತೇ ಎಂಬುದು ಮುಂದಿನ ಪ್ರಶ್ನೆ. ಊರಿನಲ್ಲಿ ನೀರು ಮುಟ್ಟಲು ಬಿಡದವರು ತಮ್ಮ ಓಟನ್ನು ಕೇರಿಯವನಿಗೆ ಕೊಟ್ಟಾರೆಯೇ? ಈ ಪ್ರಶ್ನೆ 1950ಕ್ಕಿಂತ ಹಳೆಯದು. ಡಾ. ಅಂಬೇಡ್ಕರರು ಪ್ರತ್ಯೇಕ ಮತಕ್ಷೇತ್ರವನ್ನು ಕೇಳಿದ್ದು, ಗಾಂಧೀಜಿ ಉಪವಾಸ ಕೈಗೊಂಡದ್ದು, 1932ರಲ್ಲಿ ಪುಣೆ ಒಪ್ಪಂದವಾದದ್ದು ನಾವು ಪಠ್ಯದಲ್ಲಿ ಓದಿರುವ ಸಂಗತಿ. ಒಪ್ಪಂದದ ಸಾರವಿಷ್ಟು: ಸ್ಥಾನ ಮೀಸಲು, ಆದರೆ ಮತ ಹಾಕುವವರು ಎಲ್ಲರೂ. ಈ ಸೂತ್ರವನ್ನು ಕಾರ್ಯರೂಪಕ್ಕೆ ತರಲು ಬಳಸಿದ ಒಂದು ಉಪಾಯವೇ ದ್ವಿಸದಸ್ಯ ಕ್ಷೇತ್ರ. ಒಂದು ದೊಡ್ಡ ಕ್ಷೇತ್ರ. ಅದರಿಂದ ಇಬ್ಬರು ಸದಸ್ಯರು. ಎರಡರಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಅಥವಾ ಪಂಗಡಕ್ಕೆ ಮೀಸಲು, ಇನ್ನೊಂದು ಸಾಮಾನ್ಯ. ಸ್ವತಂತ್ರ ಭಾರತವೂ ಮೊದಲ ಎರಡು ಮಹಾಚುನಾವಣೆಗಳಲ್ಲಿ ಇದೇ ಪದ್ಧತಿಯನ್ನು ಅನುಸರಿಸಿತು. 1957ರ ಲೋಕಸಭೆಯ 403 ಕ್ಷೇತ್ರಗಳಲ್ಲಿ 91 ಇಂತಹ ದ್ವಿಸದಸ್ಯ ಕ್ಷೇತ್ರಗಳಾಗಿದ್ದವು.

ಮತದಾನ ನಡೆಯುತ್ತಿದ್ದ ಕ್ರಮವನ್ನೂ ಇಲ್ಲಿ ಹೇಳಬೇಕು. ಈಗಿನ ಯಂತ್ರ ನೋಡಿದವರಿಗೆ ಅದು ಕಥೆಯಂತೆ ತೋರಬಹುದು. 1952ರಲ್ಲಿಯೂ 1957ರಲ್ಲಿಯೂ ಮತಪತ್ರದ ಮೇಲೆ ಉಮೇದುವಾರರ ಹೆಸರು ಇರುತ್ತಿರಲಿಲ್ಲ. ಒಂದು ರೂಪಾಯಿ ನೋಟಿನಷ್ಟು ಅಗಲದ ಚೀಟಿ ಅದು. ಮರೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದರಂತೆ ಪೆಟ್ಟಿಗೆಗಳು, ಪೆಟ್ಟಿಗೆಯ ಮೇಲೆ ಅವನವನ ಗುರುತು. ಕಾಂಗ್ರೆಸ್ಸಿಗೆ ಜೋಡೆತ್ತು, ಪ್ರಜಾ ಸೋಷಲಿಸ್ಟರಿಗೆ ಗುಡಿಸಲು. ಓದು ಬಾರದವನೂ ಚಿತ್ರ ನೋಡಿ ತನ್ನ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಬಹುದಿತ್ತು. ಚೀಟಿಯ ಮೇಲೆ ಗುರುತು ಒತ್ತುವ ಪದ್ಧತಿ ದೇಶದಾದ್ಯಂತ ಬಳಕೆಗೆ ಬಂದದ್ದು 1962ರ ಮಹಾಚುನಾವಣೆಯಲ್ಲಿ. ಅದೇ ಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸದ ಶಾಯಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗತೊಡಗಿತು.

ದ್ವಿಸದಸ್ಯ ಕ್ಷೇತ್ರದಲ್ಲಿ ಪ್ರತಿ ಮತದಾರನಿಗೂ ಎರಡು ಚೀಟಿ. ಜಾತಿಭೇದವಿಲ್ಲದೆ ಎಲ್ಲರಿಗೂ ಎರಡು. ಆದರೆ ಎರಡನ್ನೂ ಒಬ್ಬನಿಗೇ ಹಾಕುವಂತಿಲ್ಲ. ಹಾಕಿದರೆ ಒಂದು ಅಸಿಂಧು. ಎಣಿಕೆಯ ನಿಯಮ ಇನ್ನೂ ಸ್ವಾರಸ್ಯವಾದದ್ದು. ಮೊದಲು ಮೀಸಲು ವರ್ಗದ ಉಮೇದುವಾರರಲ್ಲಿ ಹೆಚ್ಚು ಮತ ಪಡೆದವನನ್ನು ಮೀಸಲು ಸ್ಥಾನಕ್ಕೆ ಆರಿಸಬೇಕು. ಆಮೇಲೆ ಉಳಿದವರೆಲ್ಲರಲ್ಲಿ, ಅವರು ಯಾವ ವರ್ಗದವರೇ ಆಗಿರಲಿ, ಹೆಚ್ಚು ಮತ ಪಡೆದವನಿಗೆ ಸಾಮಾನ್ಯ ಸ್ಥಾನ.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಕ ಮತ್ತು ಖ ಸಾಮಾನ್ಯ ವರ್ಗದವರು. ಗ ಮತ್ತು ಘ ಮೀಸಲು ವರ್ಗದವರು. ಗನಿಗೆ 20,000, ಘನಿಗೆ 19,000, ಕನಿಗೆ 18,000, ಖನಿಗೆ 12,000 ಮತಗಳು ಬಂದವೆನ್ನಿ. ಗ ಮೀಸಲು ಸ್ಥಾನಕ್ಕೆ ಆಯ್ಕೆಯಾಗುತ್ತಾನೆ. ಉಳಿದವರಲ್ಲಿ ಮುಂದಿರುವವನು ಘ. ಸಾಮಾನ್ಯ ಸ್ಥಾನ ಅವನದು. ಕ ಮನೆಗೆ ಹೋಗಬೇಕಾಗುತ್ತದೆ. ಇನ್ನೊಂದು ಬಗೆಯನ್ನೂ ನೋಡಿ. ಕನಿಗೆ 25,000, ಖನಿಗೆ 22,000 ಬಂದು ಗನಿಗೆ ಬರಿಯ 9,000, ಘನಿಗೆ 8,000 ಬಂದರೂ, ಕನ ಜತೆಗೆ ಗ ಗೆಲ್ಲುತ್ತಾನೆ, ಖ ಸೋಲುತ್ತಾನೆ. ಹೀಗೆ ಮೀಸಲು ವರ್ಗದವರಿಗೆ ಕೊನೆಯ ಪಕ್ಷ ಒಂದು ಸ್ಥಾನ ಖಂಡಿತ. ಜನ ಮೆಚ್ಚಿದರೆ ಎರಡೂ ದೊರೆಯಬಹುದು.

ಈ ಎರಡನೆಯ ಚೀಟಿ ಎಷ್ಟು ವಿಚಿತ್ರವಾದುದೆಂಬುದಕ್ಕೆ ನಮ್ಮ ಮೈಸೂರೇ ಉದಾಹರಣೆ. 1952ರಲ್ಲಿ ಮೈಸೂರು ಲೋಕಸಭಾ ಕ್ಷೇತ್ರ ದ್ವಿಸದಸ್ಯ ಕ್ಷೇತ್ರವಾಗಿತ್ತು. ಅಲ್ಲಿ ಗೆದ್ದವರು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ ಮತ್ತು ಕಾಂಗ್ರೆಸ್ಸಿನ ಎನ್. ರಾಚಯ್ಯ. ಅದೇ ಜನ, ಅದೇ ದಿನ, ಅದೇ ಮತಗಟ್ಟೆ. ಆದರೆ ಒಬ್ಬರು ಆಳುವ ಪಕ್ಷ, ಇನ್ನೊಬ್ಬರು ವಿರೋಧ ಪಕ್ಷ! ಎರಡನೆಯ ಚೀಟಿ ವ್ಯರ್ಥವಾಗುವುದೂ ಇತ್ತು. ಅದೇ 1952ರಲ್ಲಿ ಮುಂಬಯಿಯ ದ್ವಿಸದಸ್ಯ ಕ್ಷೇತ್ರದಲ್ಲಿ ಸಾಕ್ಷಾತ್ ಅಂಬೇಡ್ಕರರೇ ಮೀಸಲು ಸ್ಥಾನಕ್ಕೆ ನಿಂತು, ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎಂಬವರ ಎದುರು ಸೋತರು. ತಮ್ಮ ಎರಡನೆಯ ಚೀಟಿಯನ್ನು ಬೇಕೆಂದೇ ಹಾಳುಮಾಡಿದ ಮತದಾರರು ಅಲ್ಲಿ ಬಹಳ ಮಂದಿ ಇದ್ದರೆಂಬುದು ಅವರ ದೂರಾಗಿತ್ತು. ಸಂವಿಧಾನದ ಶಿಲ್ಪಿಗೇ ಹೀಗಾದ ಮೇಲೆ ಬೇರೆಯವರ ಪಾಡೇನು?

ಇನ್ನು ನಮ್ಮ ಹುಣಸೂರಿಗೆ ಬರೋಣ. 1952ರ ಮೊದಲ ಮಹಾಚುನಾವಣೆಯಲ್ಲಿ ಹಳೆಯ ಮೈಸೂರು ರಾಜ್ಯದ ವಿಧಾನಸಭೆಗೆ 99 ಸ್ಥಾನಗಳು. ಹುಣಸೂರಿನಿಂದ ದೇವರಾಜ ಅರಸರು ಕಾಂಗ್ರೆಸ್ಸಿನಿಂದ ಆಯ್ಕೆಯಾದರು. 1956ರ ನವೆಂಬರ್ 1ರಂದು ರಾಜ್ಯ ವಿಸ್ತಾರವಾಯಿತು. ವಿಧಾನಸಭೆಯ ಸ್ಥಾನಗಳು 208ಕ್ಕೆ ಏರಿದವು. ಗೆರೆಗಳನ್ನೆಲ್ಲ ಹೊಸದಾಗಿ ಎಳೆಯಲಾಯಿತು. ಆಗಲೇ ಹುಣಸೂರು ದ್ವಿಸದಸ್ಯ ಕ್ಷೇತ್ರವಾದದ್ದು. 1957ರಲ್ಲಿ ಇಲ್ಲಿಂದ ಸಾಮಾನ್ಯ ಸ್ಥಾನಕ್ಕೆ ದೇವರಾಜ ಅರಸರೂ ಮೀಸಲು ಸ್ಥಾನಕ್ಕೆ ಎನ್. ರಾಚಯ್ಯನವರೂ ಆಯ್ಕೆಯಾದರು. ಇಬ್ಬರೂ ಜೋಡೆತ್ತಿನ ಪಕ್ಷದವರೇ. ಆ ವರ್ಷವೂ ಮೈಸೂರು ಲೋಕಸಭೆಗೆ ಇಬ್ಬರು ಸದಸ್ಯರು. ಎರಡು ಚುನಾವಣೆಗಳೂ ಜತೆಯಲ್ಲೇ ನಡೆದವು. ತಾತ “ಎಲ್ಡೆಲ್ಡು ಚೀಟಿ” ಎಂದದ್ದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ.

ತಾತನಿಗೆ ಆಗ ತಾನೇ ಇಪ್ಪತ್ತೊಂದು ತುಂಬಿತ್ತು. ಆ ದಿನದ ವಿಷಯ ಕೇಳಿದರೆ ಈಗಲೂ ಅವರ ಮುಖ ಅರಳುತ್ತದೆ. ಒಗೆದ ಪಂಚೆ ಉಟ್ಟು ಹೋದದ್ದು, ಊರ ಗೌಡರು ನಿಂತಿದ್ದ ಸಾಲಿನಲ್ಲೇ ತಾವೂ ನಿಂತದ್ದು, ಯಾರೂ ಹಿಂದೆ ಸರಿಯೆನ್ನದಿದ್ದದ್ದು, ಇವೆಲ್ಲ ಅವರಿಗೆ ನಿನ್ನೆ ಮೊನ್ನೆ ನಡೆದಂತೆ ನೆನಪಿದೆ. “ಓಟು ಕೇಳೋಕೆ ಬಂದೋರು ನಮ್ಮ ಜಗಲಿ ಮ್ಯಾಲೆ ಕುಂತ್ರು. ಅದ್ಕೂ ಮುಂಚೆ ನಮ್ಮ ಕೇರಿ ಒಳಕ್ಕೇ ಅವರು ಕಾಲಿಟ್ಟೋರಲ್ಲ” ಎನ್ನುತ್ತಾರೆ. ಯಾರಿಗೆ ಹಾಕಿದಿರಿ ಎಂದು ನಾನು ಎಷ್ಟು ಕಾಡಿದರೂ ಹೇಳಲಿಲ್ಲ. “ಯಾರ್ಗೂ ಹೇಳ್ಬ್ಯಾಡ ಅಂತ ಆವತ್ತು ಆಫೀಸರ್ರು ಹೇಳವ್ರೆ.” ಅಷ್ಟೇ ಉತ್ತರ. ಗುಪ್ತ ಮತದಾನವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ನಮ್ಮ ಪಠ್ಯಪುಸ್ತಕದಲ್ಲಿಯೂ ಸಿಗಲಾರರು.

ಈ ಪದ್ಧತಿ ಬಹುಕಾಲ ಬಾಳಲಿಲ್ಲ. ಕಾರಣಗಳು ಹಲವು. ಕ್ಷೇತ್ರ ಇಮ್ಮಡಿ ದೊಡ್ಡದಾದ್ದರಿಂದ ಸುತ್ತಾಟವೂ ಖರ್ಚೂ ಇಮ್ಮಡಿ. ಒಂದು ಊರಿನ ಕೆರೆ ಒಡೆದರೆ ಯಾವ ಸದಸ್ಯರನ್ನು ಕೇಳಬೇಕೆಂಬ ಗೊಂದಲ ಬೇರೆ. ಇಬ್ಬರ ನಂಟು, ಕೂಸು ಬಡವು ಎನ್ನುವ ಹಾಗೆ. ಇವೆಲ್ಲಕ್ಕಿಂತ ದೇಶದ ಗಮನ ಸೆಳೆದದ್ದು ಆಂಧ್ರದ ಪಾರ್ವತೀಪುರಂ ಕ್ಷೇತ್ರದ ಪ್ರಸಂಗ. 1957ರಲ್ಲಿ ಅಲ್ಲಿಯ ಲೋಕಸಭಾ ಚುನಾವಣೆಯಲ್ಲಿ ವಿ.ವಿ. ಗಿರಿಯವರು ಸಾಮಾನ್ಯ ಸ್ಥಾನಕ್ಕೆ ಸ್ಪರ್ಧಿಸಿದ್ದರು. ನಾನು ಮೇಲೆ ಕೊಟ್ಟ ಮೊದಲ ಲೆಕ್ಕದಂತೆಯೇ ಆಗಿ, ಎರಡು ಸ್ಥಾನಗಳೂ ಪರಿಶಿಷ್ಟ ಪಂಗಡದ ಉಮೇದುವಾರರ ಪಾಲಾದವು. ಗಿರಿಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಮೀಸಲು ವರ್ಗದವನು ಸಾಮಾನ್ಯ ಸ್ಥಾನಕ್ಕೂ ಅರ್ಹನೆಂಬುದು ಸ್ಥಿರಪಟ್ಟಿತು. ಆ ಗಿರಿಯವರೇ 1969ರಲ್ಲಿ ರಾಷ್ಟ್ರಪತಿಗಳಾದರೆಂಬುದು ಬೇರೆ ಮಾತು. 1961ರಲ್ಲಿ ಸಂಸತ್ತು ಶಾಸನ ಮಾಡಿ ದ್ವಿಸದಸ್ಯ ಕ್ಷೇತ್ರಗಳನ್ನೆಲ್ಲ ರದ್ದುಪಡಿಸಿತು. ಪ್ರತಿಯೊಂದನ್ನೂ ಎರಡಾಗಿ ಸೀಳಿ ಒಂದು ಭಾಗವನ್ನು ಮೀಸಲು, ಇನ್ನೊಂದನ್ನು ಸಾಮಾನ್ಯ ಎಂದು ಮಾಡಲಾಯಿತು. 1962ರಿಂದ ಹುಣಸೂರು ಏಕಸದಸ್ಯ ಸಾಮಾನ್ಯ ಕ್ಷೇತ್ರ. ಅಲ್ಲಿಗೆ ತಾತನ ಎರಡನೆಯ ಚೀಟಿಯ ಆಯುಷ್ಯ ಮುಗಿಯಿತು.

ಇದರಿಂದ ಲಾಭವೇ, ನಷ್ಟವೇ? ಹಿಂದೆ ಕೆಲವರು ಒಳ್ಳೆಯದೆಂದರು, ಕೆಲವರು ಕೆಟ್ಟದೆಂದರು. ಎರಡು ಕಡೆಯ ವಾದವನ್ನೂ ಒಂದಿಷ್ಟು ತೂಗಿ ನೋಡುವುದು ನಮ್ಮ ಕರ್ತವ್ಯ. ಏಕಸದಸ್ಯ ಮೀಸಲು ಕ್ಷೇತ್ರದಲ್ಲಿ ಗೆದ್ದವನು ಆ ಕ್ಷೇತ್ರಕ್ಕೆಲ್ಲ ಏಕೈಕ ಪ್ರತಿನಿಧಿ. ಊರಿನ ಹಿರಿಯರೂ ತಮ್ಮ ಕೆಲಸಕ್ಕೆ ಅವನ ಮನೆಗೇ ಹೋಗಬೇಕು. ದ್ವಿಸದಸ್ಯ ಕ್ಷೇತ್ರದಲ್ಲಾದರೋ ಸಾಮಾನ್ಯ ಸ್ಥಾನದ ಸದಸ್ಯ ದೊಡ್ಡೆತ್ತು, ಮೀಸಲು ಸ್ಥಾನದ ಸದಸ್ಯ ಜತೆಗೆ ಕಟ್ಟಿದ ಎಳಗರು ಎಂಬ ಭಾವನೆ ಜನರಲ್ಲಿ ಸುಲಭವಾಗಿ ಬೇರೂರಬಹುದಿತ್ತು. ಈ ದೃಷ್ಟಿಯಿಂದ ಸೀಳಿದ್ದು ಸರಿಯೇ. ಆದರೆ ಸೀಳಿದಾಗ ಸಾಮಾನ್ಯ ಭಾಗದಲ್ಲಿ ಉಳಿದ ಕೇರಿಯವರ ಗತಿಯೇನು? ಅವರಿಗೆ ತಮ್ಮವರೊಬ್ಬರನ್ನು ಶಾಸನಸಭೆಗೆ ಕಳಿಸುವ ಖಚಿತವಾದ ಅವಕಾಶ ತಪ್ಪಿತು. ಹಾಗೆಯೇ ಮೀಸಲು ಭಾಗದ ಇತರರಿಗೆ ತಮ್ಮವರನ್ನು ನಿಲ್ಲಿಸುವ ಅವಕಾಶ ತಪ್ಪಿತು. ಎರಡು ಚೀಟಿ ಇದ್ದಾಗ ಊರಿನವನು ಒಂದನ್ನು ಕೇರಿಗೂ, ಕೇರಿಯವನು ಒಂದನ್ನು ಊರಿಗೂ ಕೊಡುವ ರೂಢಿ ಒಂದಿಷ್ಟಾದರೂ ಬೆಳೆಯುತ್ತಿತ್ತು. ಆ ರೂಢಿ ಬಲಿಯುವ ಮೊದಲೇ ಚೀಟಿ ಒಂದಾಯಿತು ಎಂಬುದು ನನ್ನ ಅಲ್ಪಮತಿಗೆ ತೋಚಿದ ವಿಚಾರ.

ದೇವರಾಜ ಅರಸರು 1962ರಲ್ಲಿಯೂ 1967ರಲ್ಲಿಯೂ ಹುಣಸೂರಿನಿಂದಲೇ ಗೆದ್ದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಗಳಾದಾಗ ಅವರು ಶಾಸಕರಾಗಿರಲಿಲ್ಲ. ಅದೇ ವರ್ಷ ಉಪಚುನಾವಣೆಯಲ್ಲಿ ಹುಣಸೂರು ಅವರನ್ನು ಕಳಿಸಿತು. ಅರಸು ಜನಾಂಗದವರು ಸಂಖ್ಯೆಯಲ್ಲಿ ಬಹಳ ಕಡಿಮೆ. ಸ್ವಜಾತಿಯ ಓಟನ್ನು ನಂಬಿ ಅವರು ಗೆಲ್ಲುವಂತೆಯೇ ಇರಲಿಲ್ಲ. ಹಲವು ಕೇರಿ, ಹಲವು ಹಟ್ಟಿಗಳ ಓಟು ಕೂಡಿದರೇ ಗೆಲುವು. 1972ರಲ್ಲಿ ನೇಮಕವಾದ ಹಾವನೂರು ಆಯೋಗ, ಉಳುವವನಿಗೆ ಭೂಮಿ ಕೊಟ್ಟ 1974ರ ಭೂಸುಧಾರಣೆ, ಇವುಗಳ ಹಿಂದೆ ದೊಡ್ಡ ದೊಡ್ಡ ಕಾರಣಗಳಿವೆಯೆಂದು ವಿದ್ವಾಂಸರು ಬರೆದಿದ್ದಾರೆ. ಹುಣಸೂರಿನ ಕೇರಿಗಳಲ್ಲಿ ಓಟು ಕೇಳಿದ ಅನುಭವವೂ ಅವುಗಳಲ್ಲಿ ಒಂದಾಗಿರಬಹುದೆಂದು ನನ್ನ ಊಹೆ. ಅವರ ಮಗಳು ಚಂದ್ರಪ್ರಭಾ ಅರಸು 1983ರಲ್ಲಿ ಇಲ್ಲಿಂದಲೇ ಶಾಸಕಿಯಾದರು; ಮುಂದೆ 1991ರಲ್ಲಿ ಮೈಸೂರಿನಿಂದ ಲೋಕಸಭೆಗೂ ಹೋದರು.

ಹುಣಸೂರಿನ ಕಥೆ ಇಷ್ಟಾಯಿತು. ನೆರೆಯ ತಾಲ್ಲೂಕುಗಳ ಗೆರೆಗಳೂ ಸುಮ್ಮನಿರಲಿಲ್ಲ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯನ್ನು ನೋಡಿ. ಅಲ್ಲಿಯವರೆಗೆ ರಾಜ್ಯದ 224 ಸ್ಥಾನಗಳಲ್ಲಿ 33 ಪರಿಶಿಷ್ಟ ಜಾತಿಗೆ, ಕೇವಲ 2 ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದವು. 1991ರಲ್ಲಿ ನಾಯಕ ಮೊದಲಾದ ಜನಾಂಗಗಳು ಪಂಗಡಗಳ ಪಟ್ಟಿಗೆ ಸೇರಿ ಆ ಸಂಖ್ಯೆ ಬೆಳೆದಿತ್ತು. ಆದ್ದರಿಂದ 2008ರಿಂದ ಜಾತಿಗೆ 36, ಪಂಗಡಕ್ಕೆ 15 ಸ್ಥಾನಗಳಾದವು. ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಹೆಗ್ಗಡದೇವನಕೋಟೆ ಅಂದಿನಿಂದ ಪಂಗಡಕ್ಕೆ ಮೀಸಲಾಯಿತು. ನಾಗರಹೊಳೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರೂ ಕಾಡುಕುರುಬರೂ ಬಾಳುವ ತಾಲ್ಲೂಕಿಗೆ ಇದು ಸಲ್ಲಬೇಕಾದದ್ದೇ. ಆದರೆ ಮೀಸಲಾತಿಯ ಹೆಸರು ಬಂದಷ್ಟಕ್ಕೇ ಹಾಡಿಯ ಗುಡಿಸಲಿನವರೆಗೆ ಅದರ ಫಲ ಮುಟ್ಟಿತೆಂದು ಹೇಳಲಾಗದು. ನಮ್ಮ ಅಕ್ಕನನ್ನು ಕೊಟ್ಟಿರುವುದು ಆ ತಾಲ್ಲೂಕಿಗೆ. ಅವಳ ಮನೆಯವರು ಒಂದೇ ಗೆರೆಯ ತಿದ್ದುವಿಕೆಯಿಂದ ಮೀಸಲು ವರ್ಗದ ಉಮೇದುವಾರರಾಗಬಲ್ಲವರ ಸಾಲಿನಿಂದ ಬರಿಯ ಮತದಾರರ ಸಾಲಿಗೆ ಬಂದರು.

ಲೋಕಸಭೆಯ ಮಾತಂತೂ ಇನ್ನೂ ಸೋಜಿಗದ್ದು. ಇಂದು ಹುಣಸೂರು ಮತ್ತು ಪಿರಿಯಾಪಟ್ಟಣ ಮೈಸೂರು ಲೋಕಸಭಾ ಕ್ಷೇತ್ರದಲ್ಲಿ, ಕೊಡಗಿನ ಮಡಿಕೇರಿ ವಿರಾಜಪೇಟೆಗಳ ಜತೆಯಲ್ಲಿವೆ; 2008ಕ್ಕೆ ಮುಂಚೆ ಆ ಕೊಡಗು ಮಂಗಳೂರಿನ ಕೂಡೆ ಇತ್ತು. ಕೃಷ್ಣರಾಜನಗರ ಮಂಡ್ಯ ಕ್ಷೇತ್ರಕ್ಕೆ ಸೇರಿದೆ. ಹೆಗ್ಗಡದೇವನಕೋಟೆ ಚಾಮರಾಜನಗರ ಕ್ಷೇತ್ರದಲ್ಲಿದೆ. 2024ರ ಚುನಾವಣೆಯಲ್ಲಿ ಮೈಸೂರು ಭಾರತೀಯ ಜನತಾ ಪಕ್ಷದವರನ್ನು, ಮಂಡ್ಯ ಜನತಾದಳದವರನ್ನು, ಚಾಮರಾಜನಗರ ಕಾಂಗ್ರೆಸ್ಸಿನವರನ್ನು ಆರಿಸಿದವು. ನಮ್ಮ ಮನೆಯ ಹಬ್ಬಕ್ಕೆ ಕೃಷ್ಣರಾಜನಗರ ತಾಲ್ಲೂಕಿನ ಸೋದರತ್ತೆಯೂ ಕೋಟೆ ತಾಲ್ಲೂಕಿನ ಅಕ್ಕನೂ ಬಂದು ಒಂದೇ ಪಂಕ್ತಿಯಲ್ಲಿ ಕುಳಿತರೆ, ಆ ಪಂಕ್ತಿಯಲ್ಲಿ ಮೂವರು ಸಂಸತ್ಸದಸ್ಯರ ಮತದಾರರು ಉಣ್ಣುತ್ತಿರುತ್ತಾರೆ! ಹೊಗೆಸೊಪ್ಪಿನ ಬೆಲೆ ಬಿದ್ದಾಗ ಮೂವರಿಗೂ ಒಂದೇ ಕಷ್ಟ. ದೂರು ಕೊಡುವ ಬಾಗಿಲು ಮಾತ್ರ ಮೂರು.

ತಾಲ್ಲೂಕಿನ ಗೆರೆಗಳೂ ಶಾಶ್ವತವಲ್ಲವೆಂಬುದನ್ನು ಮರೆಯಬಾರದು. 1924ರ ಕಾವೇರಿಯ ಮಹಾಪ್ರವಾಹದಲ್ಲಿ ಎಡತೊರೆ ಹಾಳಾದ ಮೇಲೆ ಕಟ್ಟಿದ ಹೊಸ ಊರೇ ಕೃಷ್ಣರಾಜನಗರ. ಇತ್ತೀಚಿನ ವರ್ಷಗಳಲ್ಲಿ ಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾಗಿವೆ. ಒಂದನ್ನು ನದಿ ಬದಲಿಸಿತು, ಇನ್ನುಳಿದವನ್ನು ಸರ್ಕಾರದ ಆದೇಶ ಬದಲಿಸಿತು.

ಇವೆಲ್ಲ ಹಳೆಯ ಪುರಾಣ, ನಮಗೇಕೆ ಎಂದು ಮಿತ್ರರು ಕೇಳಬಹುದು. ಸಂವಿಧಾನದ 84ನೆಯ ತಿದ್ದುಪಡಿ 2001ರಲ್ಲಿ ಅಂಗೀಕಾರವಾದಾಗ, ರಾಜ್ಯ ರಾಜ್ಯಗಳ ನಡುವಿನ ಸ್ಥಾನಗಳ ಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಟ್ಟಬಾರದೆಂದು ಗೊತ್ತುಮಾಡಲಾಯಿತು. ಆ ಗಡುವು ನಮ್ಮ ತಲೆಮಾರಿನ ಕಾಲಕ್ಕೇ ಬಂದಿದೆ. ಮುಂದೆ ಗೆರೆ ಎಳೆಯುವಾಗ ಆಯೋಗವು ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಕೇಳುವುದು ಪದ್ಧತಿ. ಆಗ ಹೋಗಿ ಹೇಳುವವರು ಯಾರು? ತನ್ನ ಕ್ಷೇತ್ರ ನೆನ್ನೆ ಹೇಗಿತ್ತೆಂದು ತಿಳಿಯದವನು ನಾಳೆ ಹೇಗಿರಬೇಕೆಂದು ಏನು ಹೇಳಿಯಾನು?

ಕೊನೆಯಲ್ಲಿ ಒಂದು ಮಾತು. 1891ರ ನಿಯಮದಲ್ಲಿ ಪದವೀಧರನಿಗೆ ತೆರೆದಿದ್ದ ಬಾಗಿಲು ಇಂದಿಗೂ ಪೂರ್ತಿ ಮುಚ್ಚಿಲ್ಲ. ನಮ್ಮ ರಾಜ್ಯದಲ್ಲಿ ವಿಧಾನಪರಿಷತ್ತು ಇರುವುದರಿಂದ, ಪದವಿ ಪಡೆದು ಮೂರು ವರ್ಷವಾದವರು ಪದವೀಧರ ಕ್ಷೇತ್ರದಲ್ಲಿ ಹೆಸರು ನೋಂದಾಯಿಸಿ ಬೇರೆಯಾಗಿ ಮತ ಹಾಕಬಹುದು. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ ಜಿಲ್ಲೆಗಳಿಗೆ ಸೇರಿ ದಕ್ಷಿಣ ಪದವೀಧರ ಕ್ಷೇತ್ರವಿದೆ. ದೇವರ ದಯದಿಂದ ನಾನು ಈ ವರ್ಷ ತೇರ್ಗಡೆಯಾದರೆ ನಮ್ಮ ವಂಶದ ಮೊದಲ ಪದವೀಧರೆ. ಇನ್ನು ಮೂರು ವರ್ಷಕ್ಕೆ ನನಗೂ ಎರಡನೆಯ ಚೀಟಿ ದೊರೆಯುತ್ತದೆ. ತಾತನ ಎರಡನೆಯ ಚೀಟಿ ಹೊರಗೆ ಉಳಿದವರನ್ನು ಒಳಗೆ ಕರೆಯಲು ಹುಟ್ಟಿದ್ದು, ಅದು ಹೋಯಿತು. ನನ್ನ ಎರಡನೆಯ ಚೀಟಿ ಆಗಲೇ ಒಳಗೆ ಬಂದವಳೆಂಬುದಕ್ಕೆ ಸಿಗುವಂಥದು; ಅದು ಉಳಿದಿದೆ. ಇದು ನ್ಯಾಯವೇ ಎಂದು ನನ್ನನ್ನು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆದರೆ ಆ ಚೀಟಿಯನ್ನು ಹಾಕುವಾಗ ಕೇರಿಯ ಜಗಲಿಯನ್ನೂ ಹಾಡಿಯ ಗುಡಿಸಲನ್ನೂ ನೆನೆಯದೆ ಹಾಕಲಾರೆನೆಂಬುದನ್ನು ಮಾತ್ರ ಬಲ್ಲೆ.

2023ರ ಮೇ 10ರಂದು ನಾನು ಮೊದಲ ಸಲ ಓಟು ಹಾಕಿ ಬಂದಾಗ ತಾತ ನನ್ನ ಬೆರಳನ್ನು ಹಿಡಿದು ಶಾಯಿಯನ್ನು ನೋಡಿದರು. ಯಾರಿಗೆ ಹಾಕಿದೆ ಎಂದು ಅವರೂ ಕೇಳಲಿಲ್ಲ. ಗುಂಡಿಯನ್ನು ಎಷ್ಟು ಸಲ ಒತ್ತಿದೆ ಎಂದು ಮಾತ್ರ ಕೇಳಿದರು. ಒಂದೇ ಸಲ ಎಂದೆ. “ಒಂದೇಯಾ?” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಅದನ್ನೇ ನೆಟ್ಟಗೆ ಒತ್ತಿದ್ರೆ ಸಾಕು ಬುಡು” ಎಂದರು.